ನಿನ್ನೆ ಬಂದರೆ ಹ್ಯಾವ್ ಹೋಗಬೇಕು

ಪ್ರಶ್ನೆ: ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಅಕೌಂಟ್ಸ್ ಕೆಲಸ, ಲಂಡನ್ ಆಫೀಸಿಗೆ ದಿನಾ ಮೇಲ್ ಬರೆಯಬೇಕು. ಒಂದು ಮೇಲ್‌ಗೆ ಅರ್ಧ ಗಂಟೆ ಹಿಡಿಯುತ್ತದೆ, ಆದರೂ ತಪ್ಪು. ಗ್ರಾಮರ್ ಪುಸ್ತಕ ಮೊದಲಿಂದ ಓದಲಾ ಸರ್?
- ಹೆಸರು ಬೇಡ, ಬೆಂಗಳೂರು

ಉತ್ತರ: ಬೇಡಮ್ಮ. ಮೂರನೇ ಪಾಠಕ್ಕೆ ನಿಲ್ಲಿಸುತ್ತೀರಿ, ನಾನೂ ಹಾಗೇ ನಿಲ್ಲಿಸಿದವನು. ಕಳೆದ ವಾರ ನೀವು ಕಳಿಸಿದ ಹತ್ತು ಮೇಲ್ ತೆಗೆದು ನೋಡಿ. ತಪ್ಪು ನಾಲ್ಕೈದೇ ಇರುತ್ತವೆ, ಅವೇ ತಿರುಗಿ ತಿರುಗಿ ಬರುತ್ತವೆ. ಕೆಲವು ನಮ್ಮ ಕನ್ನಡದಿಂದಲೇ ಬಂದಿರುತ್ತವೆ. 'ನಿನ್ನೆ ಇನ್‌ವಾಯ್ಸ್ ಕಳಿಸಿದ್ದೇನೆ' ಅನ್ನುವುದು ನಮ್ಮಲ್ಲಿ ಸರಿ ಅಲ್ವಾ, ಹಾಗಾಗಿ ಕೈ ತಾನಾಗಿ 'ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ' ಅಂತ ಟೈಪ್ ಮಾಡಿಬಿಡುತ್ತದೆ. ಯೆಸ್ಟರ್‌ಡೇ ಬಂದರೆ ಹ್ಯಾವ್ ಹೋಗಬೇಕು: 'ಐ ಸೆಂಟ್ ಇಟ್ ಯೆಸ್ಟರ್‌ಡೇ'. ದಿನ ಹೇಳದಿದ್ದರೆ 'ಐ ಹ್ಯಾವ್ ಸೆಂಟ್ ಇಟ್' ಸರಿಯೇ. 'ಡಿಸ್ಕಸ್ ಅಬೌಟ್' ಕೂಡ ಇದೇ ಜಾತಿ. ನಮಗೆ 'ಬಗ್ಗೆ' ಬೇಕು, ಡಿಸ್ಕಸ್‌ಗೆ ಬೇಡ.

ಇನ್ನು ಪದಗಳು. 'ಐ ಹ್ಯಾವ್ ಎ ಡೌಟ್' ಅಂದರೆ ನೀವು ಅವರ ಲೆಕ್ಕವನ್ನೇ ನಂಬುತ್ತಿಲ್ಲ ಅಂತ ಅಲ್ಲಿಯವರಿಗೆ ಅನ್ನಿಸಬಹುದು. 'ಕ್ವೆಶ್ಚನ್' ಅನ್ನಿ. ಮೀಟಿಂಗನ್ನು ಮೊದಲೇ ಇಡುವುದಕ್ಕೆ ನಾವು ಹೇಳುವ 'ಪ್ರಿಪೋನ್' ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ, ನನಗಂತೂ ಜಾಸ್ತಿ ಇಷ್ಟ, ಆದರೆ ಲಂಡನ್‌ಗೆ ಬರೆಯುವಾಗ 'ಬ್ರಿಂಗ್ ಫಾರ್ವರ್ಡ್' ಹಾಕಿ.

ಅಭ್ಯಾಸಕ್ಕೆ ಒಂದೇ ಕೆಲಸ ಸಾಕು. ಅವರಿಂದ ಬಂದ ಮೇಲ್‌ನಲ್ಲಿ ಚೆನ್ನಾಗಿದೆ ಅನ್ನಿಸಿದ ಒಂದು ವಾಕ್ಯವನ್ನು ದಿನಾ ಕೈಯಲ್ಲಿ ಬರೆದಿಟ್ಟುಕೊಳ್ಳಿ, ಮಾರನೇ ದಿನ ಅದಕ್ಕೇ ನಿಮ್ಮ ಬಿಲ್ಲು, ನಿಮ್ಮ ತಾರೀಖು ತುಂಬಿ ಕಳಿಸಿ. ಯಾರೂ ಕಾಪಿ ಅನ್ನುವುದಿಲ್ಲ.