ಓದುಗರ ಪ್ರಶ್ನೆ: ಮೊಬೈಲ್‌ನಲ್ಲಿ ದಿನದ ಬೈಬಲ್ ಓದು

ಪ್ರಶ್ನೆ: ನಾನು ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿಯ ಕೆಲಸದಿಂದಾಗಿ ದಿನವೂ ಒಂದೇ ಹೊತ್ತಿಗೆ ಬೈಬಲ್ ತೆರೆದು ಕೂರಲು ಆಗುವುದಿಲ್ಲ. ಆದ್ದರಿಂದ ಜನವರಿ 1ರಂದು ಮೊಬೈಲ್‌ಗೆ ಬೈಬಲ್ ಆ್ಯಪ್ ಹಾಕಿಕೊಂಡು, ಇಡೀ ಗ್ರಂಥವನ್ನು ಮೊದಲಿನಿಂದ ಒಂದು ವರ್ಷದಲ್ಲಿ ಮುಗಿಸುವ ಯೋಜನೆಗೆ ಸೇರಿದೆ. ಮೂರನೆಯ ಗ್ರಂಥವಾದ ಯಾಜಕಕಾಂಡದಲ್ಲಿ ನಿಂತುಹೋಯಿತು. ಈಗ ಆ್ಯಪ್ ತೆರೆದರೆ ಬಾಕಿ ದಿನಗಳೇ ಕಾಣುತ್ತವೆ. ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವ ತಮ್ಮನಿಗೂ, ಕಣ್ಣು ಮಂಜಾಗಿರುವ ಅಮ್ಮನಿಗೂ ಅನುಕೂಲವಾಗುವಂತೆ ದಾರಿ ತೋರಿಸುವಿರಾ? ನಾವು ಕಥೋಲಿಕರು.
— ಓದುಗರೊಬ್ಬರು, ಕಾರವಾರ

ಉತ್ತರ: ಸಹೋದರಿ, ನಿಮ್ಮ ಓದು ನಿಂತದ್ದಕ್ಕೆ ನಿಮ್ಮ ಶ್ರದ್ಧೆಯ ಕೊರತೆಗಿಂತ ಆ ಯೋಜನೆಯ ಜೋಡಣೆಯೇ ಹೆಚ್ಚು ಕಾರಣ. ಪ್ರೊಟೆಸ್ಟೆಂಟರು ಬಳಸುವ 66 ಗ್ರಂಥಗಳ ಬೈಬಲ್‌ನಲ್ಲಿ 1,189 ಅಧ್ಯಾಯಗಳಿದ್ದು, ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಅಧ್ಯಾಯ ಓದಬೇಕು. ಆದಿಕಾಂಡದ 50 ಮತ್ತು ವಿಮೋಚನಕಾಂಡದ 40 ಅಧ್ಯಾಯ ಮುಗಿಯುವಾಗ ಜನವರಿಯ ಕೊನೆಯ ವಾರ ಬಂದಿರುತ್ತದೆ. ಅಲ್ಲಿಗೆ ಕಥನ ನಿಂತು, ಯಾಜಕಕಾಂಡದ ಬಲಿ ಹಾಗೂ ಶುದ್ಧಾಚಾರದ ವಿಧಿಗಳು ಆರಂಭವಾಗುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರು ಅವನ್ನು ದಿನಕ್ಕೆ ಮೂರು ಅಧ್ಯಾಯದಂತೆ ಅರಗಿಸಿಕೊಳ್ಳುವುದು ಸುಲಭವಲ್ಲ.

ಆ ಯೋಜನೆಯನ್ನು ಸಂಕೋಚವಿಲ್ಲದೆ ಬಿಟ್ಟುಬಿಡಿ. ನಿಮ್ಮಂಥವರಿಗೆ ಬೇಕಾಗಿರುವುದು ತಪ್ಪಿದ ದಿನ ಸಾಲವಾಗಿ ಬೆಳೆಯದ ಓದು, ಮತ್ತು ಅದು ಧರ್ಮಸಭೆಯಲ್ಲಿ ಸಿದ್ಧವಾಗಿಯೇ ಇದೆ. ದಿನದ ಪೂಜೆಯ ವಾಚನಗಳನ್ನು, ಅಂದರೆ ಅಂದು ಪೂಜೆಯಲ್ಲಿ ಓದುವ ಬೈಬಲ್ ಭಾಗಗಳನ್ನು, ಅನುಸರಿಸಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ, ವಾರದ ದಿನಗಳ ಮೊದಲ ವಾಚನ ಸಾಮಾನ್ಯ ಕಾಲದಲ್ಲಿ (ಕ್ರಿಸ್ಮಸ್, ಈಸ್ಟರ್ ಮತ್ತು ಅವುಗಳ ಸಿದ್ಧತೆಯ ಕಾಲಗಳನ್ನು ಬಿಟ್ಟ ದಿನಗಳಲ್ಲಿ) ಎರಡು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ವಾರದ ದಿನಗಳ ಶುಭಸಂದೇಶ (ಯೇಸುವಿನ ಬದುಕು, ಬೋಧನೆಯ ಭಾಗ) ಪ್ರತಿ ವರ್ಷವೂ ಅದೇ ಆಗಿರುತ್ತದೆ. ಮಂಗಳವಾರ ತಪ್ಪಿದರೆ ಬುಧವಾರದ್ದನ್ನು ಓದಿದರಾಯಿತು; ನೀವು ಓದುವ ಭಾಗವನ್ನೇ ಅಂದು ನಿಮ್ಮ ಚರ್ಚಿನಲ್ಲೂ ಓದಿರುತ್ತಾರೆ ಎನ್ನುವುದು ಒಂಟಿಯಾಗಿ ಓದುವವರಿಗೆ ದೊಡ್ಡ ಬಲ. ನೆನಪಿಸುವ ಅಲಾರಾಂ ಬೆಳಿಗ್ಗೆ ಆರಕ್ಕೆಂದು ಇಡದೆ, ಪಾಳಿ ಬದಲಾದಂತೆ ಅದನ್ನೂ ಬದಲಿಸಿ. ಓದುವ ಹತ್ತು ನಿಮಿಷ ವಾಟ್ಸ್‌ಆ್ಯಪ್‌ನ ಸದ್ದನ್ನು ನಿಲ್ಲಿಸಿ. ಸತತವಾಗಿ ಎಷ್ಟು ದಿನ ಓದಿದಿರೆಂದು ಎಣಿಸಿ ತೋರಿಸುವ ಸೂಚನೆಗಳನ್ನೂ ಆ್ಯಪ್‌ನಲ್ಲಿ ಮುಚ್ಚಿಡಿ. ಆ ಅಂಕಿ ಓದಿನ ಆಳವನ್ನು ಹೇಳುವುದಿಲ್ಲ, ಒಂದು ದಿನ ಬಿಟ್ಟರೆ ಮನಸ್ಸನ್ನು ಮಾತ್ರ ಕುಗ್ಗಿಸುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಪರೀಕ್ಷಿಸಿ. ಕಥೋಲಿಕ ಬೈಬಲ್‌ನಲ್ಲಿ 73 ಗ್ರಂಥಗಳಿವೆ. ಆ್ಯಪ್‌ನ ಪರಿವಿಡಿಯಲ್ಲಿ ತೊಬಿತ, ಮಕ್ಕಬಿಯರು ಮೊದಲಾದವು ಇಲ್ಲದಿದ್ದರೆ, ಕೆಲವು ದಿನಗಳ ಮೊದಲ ವಾಚನ ನಿಮಗೆ ಅದರಲ್ಲಿ ಸಿಗುವುದಿಲ್ಲ.

ತಮ್ಮನ ವಿಷಯಕ್ಕೆ ಬಂದರೆ, ದಡ ಬಿಟ್ಟ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ. ಬಹಳಷ್ಟು ಆ್ಯಪ್‌ಗಳಲ್ಲಿ ಪಠ್ಯವನ್ನು ಇಳಿಸಿಟ್ಟುಕೊಳ್ಳುವ ಸೌಲಭ್ಯವಿದೆ. ಮನೆಯಲ್ಲಿಯೇ ಇಳಿಸಿಕೊಂಡು, ಡೇಟಾ ಆರಿಸಿ, ಅಧ್ಯಾಯ ತೆರೆಯುತ್ತದೆಯೇ ಎಂದು ನೋಡಿಯೇ ಫೋನನ್ನು ಅವರ ಕೈಗೆ ಕೊಡಿ. ಮಾರ್ಕನ ಶುಭಸಂದೇಶದಿಂದ ಆರಂಭಿಸಲಿ. ಅದರಲ್ಲಿ 16 ಅಧ್ಯಾಯಗಳು ಮಾತ್ರ. ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಬಿರುಗಾಳಿಯೆದ್ದು ಅಲೆಗಳು ದೋಣಿಗೆ ಬಡಿದು ನೀರು ತುಂಬುತ್ತಿರುವಾಗ, ಯೇಸು ದೋಣಿಯ ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿರುತ್ತಾರೆ. ಇದೇ ಘಟನೆಯನ್ನು ಮತ್ತಾಯ, ಲೂಕರೂ ಬರೆದಿದ್ದಾರೆ, ಆದರೆ ದಿಂಬಿನ ಮಾತು ಮಾರ್ಕನಲ್ಲಿ ಮಾತ್ರ ಇದೆ. ಆ್ಯಪ್‌ನಲ್ಲಿ ಮತ್ತಾಯ 8, ಲೂಕ 8 ಅನ್ನು ಒಂದಾದ ಮೇಲೊಂದು ತೆರೆದು ಹೋಲಿಸಬಹುದು. ಬೋಟಿನ ಹಿಂಬದಿಯಲ್ಲಿ ದಣಿದು ಮಲಗಿ ಗೊತ್ತಿರುವವರಿಗೆ ಆ ಭಾಗವನ್ನು ನನಗಿಂತ ಚೆನ್ನಾಗಿ ಓದಲು ಬರುತ್ತದೆ.

ಅಮ್ಮನಿಗೆ ಅಕ್ಷರ ದೊಡ್ಡದು ಮಾಡಿಕೊಟ್ಟರೆ ಸ್ವಲ್ಪ ಹೊತ್ತು ಓದಬಲ್ಲರು, ಆದರೆ ಧ್ವನಿರೂಪವೇ ಮೇಲು. ಹಿನ್ನೆಲೆ ಸಂಗೀತ, ಹಲವು ಧ್ವನಿಗಳಿರುವ ನಾಟಕೀಯ ವಾಚನಕ್ಕಿಂತ, ಒಬ್ಬರೇ ನಿಧಾನವಾಗಿ ಓದಿದ್ದನ್ನು ಹುಡುಕಿ. ವಯಸ್ಸಾದ ಕಿವಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಸಾಧ್ಯವಾದ ದಿನ ನೀವೇ ಓದಿ ಹೇಳಿ.

ಪ್ರಶ್ನೆ: ಪೂಜೆಯಲ್ಲಿ ವಾಚನ ಓದುವಾಗ ಮೊಬೈಲ್ ನೋಡಿ ಓದಬಹುದೇ?
— ಯುವಕರೊಬ್ಬರು, ಹೊನ್ನಾವರ

ಉತ್ತರ: ಬೇಡ. ವಾಚನಪೀಠದಲ್ಲಿ, ಪೂಜೆಯ ವಾಚನಗಳನ್ನು ಜೋಡಿಸಿರುವ ವಾಚನಗ್ರಂಥದಿಂದಲೇ ಓದಬೇಕು, ಏಕೆಂದರೆ ದೇವರ ವಾಕ್ಯವನ್ನು ಸಾರುವ ಆ ಗ್ರಂಥಕ್ಕೂ ಪೂಜಾವಿಧಿಯಲ್ಲಿ ಗೌರವ ಸಲ್ಲುತ್ತದೆ. ಹಿಂದಿನ ರಾತ್ರಿಯ ತಯಾರಿಗೆ ಮೊಬೈಲ್ ಧಾರಾಳವಾಗಿ ಬಳಸಿ: ಆ ಭಾಗದ ಹಿಂದುಮುಂದಿನ ಅಧ್ಯಾಯ ಓದಿ, ಕಷ್ಟದ ಹೆಸರುಗಳನ್ನು ಧ್ವನಿರೂಪದಲ್ಲಿ ಕೇಳಿ, ನೀವು ಓದಿದ್ದನ್ನು ರೆಕಾರ್ಡ್ ಮಾಡಿ ಎಲ್ಲಿ ಅವಸರವಾಯಿತೆಂದು ನೋಡಿಕೊಳ್ಳಿ. ಬೆಳಿಗ್ಗೆ ಸ್ವಲ್ಪ ಬೇಗ ಹೋಗಿ, ವಾಚನಗ್ರಂಥದಲ್ಲಿ ಅದೇ ಪುಟ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ.