ಒಂದೇ ಮನೆಯಲ್ಲಿ ಸಿಕ್ಕ ಎರಡು ಮೂಳೆಗೆ ಬೇರೆ ಬೇರೆ ವಯಸ್ಸು ಬಂದರೆ ಯಾವುದನ್ನು ನಂಬೋದು?

ನೀವು ಕೇಳಿರುವುದು ಎರಡು ವಿಷಯ. ಕೆನಡಾದ ಆರ್ಕ್ಟಿಕ್‌ನಲ್ಲಿ ಹಳೇ ಮನೆಗಳ ಕುರುಹು ಸಮುದ್ರದಿಂದ ಅಷ್ಟು ಎತ್ತರದಲ್ಲಿ ಯಾಕೆ ಸಿಗುತ್ತದೆ? ಒಂದೇ ಮನೆಯ ಸೀಲ್ (ಸಮುದ್ರದ ಪ್ರಾಣಿ) ಮೂಳೆ, ಕಾರಿಬೂ (ಅಲ್ಲಿನ ಹಿಮಸಾರಂಗ) ಮೂಳೆ ಎರಡಕ್ಕೂ ಕಾರ್ಬನ್ ಡೇಟಿಂಗ್ ಮಾಡಿದಾಗ ನೂರಾರು ವರ್ಷ ವ್ಯತ್ಯಾಸ ಬಂದರೆ ಯಾವುದು ಸರಿ? ಎರಡನೆಯದಕ್ಕೆ ಚುಟುಕಾಗಿ ಹೇಳುವುದಾದರೆ, ಕಾರಿಬೂ.

ಎತ್ತರದ ಕಾರಣ ಸರಳ. ಹಿಮಯುಗದ ಮಂಜುಗಡ್ಡೆಯ ಭಾರಕ್ಕೆ ಅಲ್ಲಿನ ನೆಲ ಕುಸಿದಿತ್ತು. ಮಂಜು ಕರಗಿದ ಮೇಲೆ ನಿಧಾನವಾಗಿ ಏಳತೊಡಗಿತು. ಹಡ್ಸನ್ ಕೊಲ್ಲಿಯ ಕಡೆ ಈಗಲೂ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಏಳುತ್ತಿದೆ. ಹಳೇ ಕಡಲತೀರಗಳು ಜಲ್ಲಿಕಲ್ಲಿನ ದಿಣ್ಣೆಗಳಾಗಿ ಮೇಲೆ ಉಳಿದವು. ಸೀಲ್ ಬೇಟೆಯವರು ನೀರಿನ ಪಕ್ಕದಲ್ಲೇ ಇರಬೇಕಲ್ವಾ, ನೀರು ಸರಿದಂತೆ ಅವರೂ ಕೆಳಗಿಳಿದರು. ಡೆನ್ಮಾರ್ಕಿನ ಪುರಾತತ್ವಜ್ಞ ಯೋರ್ಗನ್ ಮೆಲ್ಡ್‌ಗೋರ್ 1954ರಿಂದ ಕೆನಡಾದ ಆರ್ಕ್ಟಿಕ್‌ನ ಇಗ್ಲೂಲಿಕ್ ಸುತ್ತ ಅಗೆದು ಇದನ್ನು ತೋರಿಸಿದರು. 50 ಮೀಟರ್ ಆಸುಪಾಸಿನಿಂದ ಶುರುವಾಗಿ ಎಲ್ಲಕ್ಕಿಂತ ಹಳಬರಾದ ಪ್ರಿ-ಡಾರ್ಸೆಟ್ ಜನರ ಮನೆಗಳು, ಅವುಗಳ ಕೆಳಗೆ ಅವರ ನಂತರದ ಡಾರ್ಸೆಟ್ ಜನರದ್ದು, ಇನ್ನೂ ಕೆಳಗೆ ಈಗ ಅಲ್ಲಿರುವ ಇನುಯಿಟ್‌ರ ಪೂರ್ವಜರಾದ ಥೂಲೆ ಜನರದ್ದು.

ಆದರೆ ಎತ್ತರದಿಂದ ಗೊತ್ತಾಗುವುದು ಇಷ್ಟೇ: ಮನೆ ಆ ದಿಣ್ಣೆಗಿಂತ ಹಳೇದಾಗಿರಲು ಸಾಧ್ಯವಿಲ್ಲ. ಸಾವಿರ ವರ್ಷದ ನಂತರ ಬಂದವರು ಮೇಲೆ ಹತ್ತಿ ಡೇರೆ ಹಾಕಿದ್ದರೆ? ಅದಕ್ಕೇ ಕಾರ್ಬನ್ ಬೇಕು.

ಇಲ್ಲೇ ತೊಡಕು ಶುರು. ಜೀವಿ ಸತ್ತ ಮೇಲೆ ಅದರಲ್ಲಿರುವ ಕಾರ್ಬನ್-14 ಸುಮಾರು 5730 ವರ್ಷಕ್ಕೆ ಅರ್ಧವಾಗುತ್ತದೆ, ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ಹೇಳುತ್ತಾರೆ. ಕಾರಿಬೂ ತಿನ್ನುವ ಸೊಪ್ಪು, ಕಲ್ಲುಹೂವು ಗಾಳಿಯಿಂದ ಕಾರ್ಬನ್ ಪಡೆಯುತ್ತವೆ, ಲೆಕ್ಕ ಸರಿಹೋಗುತ್ತದೆ. ಸಮುದ್ರದ ಆಳದ ನೀರು ಮಾತ್ರ ಎಷ್ಟೋ ಶತಮಾನ ಗಾಳಿಯ ಮುಖವನ್ನೇ ಕಂಡಿರುವುದಿಲ್ಲ. ಆ ಹಳೇ ಕಾರ್ಬನ್ ಮೀನಿಗೆ, ಮೀನಿನಿಂದ ಸೀಲ್‌ಗೆ ಹೋಗುತ್ತದೆ. ಹಾಗಾಗಿ ಕಾರಿಬೂ ಸತ್ತ ದಿನವೇ ಸತ್ತ ಸೀಲ್ ಕೂಡ ಲೆಕ್ಕದಲ್ಲಿ ಅದಕ್ಕಿಂತ ಸುಮಾರು 400 ವರ್ಷ ಹಳೇದು, ಆರ್ಕ್ಟಿಕ್‌ನ ಕೆಲವು ಕಡೆ ಇನ್ನೂ ಜಾಸ್ತಿ. ಎಲ್ಲ ಕಡೆಗೂ ಒಂದೇ ಅಂಕಿ ಕಳೆದುಬಿಡೋಣ ಅಂದರೆ ಆಗುವುದಿಲ್ಲ, ಕೊಲ್ಲಿಯಿಂದ ಕೊಲ್ಲಿಗೆ ಅದು ಬದಲಾಗುತ್ತದೆ. ಒಲೆಯಲ್ಲಿ ಸೀಲ್ ಕೊಬ್ಬು ಉರಿಸಿದ್ದರೆ ಅದು ಕರಗಿ ಇದ್ದಿಲಿಗೂ ಮಣ್ಣಿಗೂ ಇಳಿದಿರುತ್ತದೆ, ಅದೂ ಕೆಟ್ಟಿತು.

ಸರಿ, ಕಟ್ಟಿಗೆ ತೆಗೆದುಕೊಳ್ಳೋಣ ಅಂದರೆ ಅಲ್ಲಿ ಮರಗಳೇ ಇಲ್ಲ. ಇರುವುದೆಲ್ಲ ದೂರದ, ಸೈಬೀರಿಯ ಮತ್ತು ಉತ್ತರ ಅಮೆರಿಕದ, ನದಿಗಳಿಂದ ತೇಲಿ ಸಮುದ್ರದ ಮಂಜುಗಡ್ಡೆಯ ಜೊತೆ ಬಂದ ದಿಮ್ಮಿಗಳು. ಒಣ ಚಳಿಗೆ ಬೇಗ ಕೊಳೆಯುವುದಿಲ್ಲ. ದಡದಲ್ಲಿ ಶತಮಾನಗಟ್ಟಲೆ ಬಿದ್ದಿದ್ದನ್ನು ಯಾರೋ ಎತ್ತಿ ಒಲೆಗೆ ಹಾಕಿರಬಹುದು. ಹಳೇ ಮನೆ ಕೆಡವಿದ ತೊಲೆಯನ್ನು ಹೊಸ ಮನೆಗೆ ಹಾಕುವುದಿಲ್ವಾ, ಹಾಗೆ. ತಮಾಷೆ ಏನೆಂದರೆ, ದಿಣ್ಣೆಯ ಮೇಲೆ ತಾನಾಗಿ ಬಂದು ಬಿದ್ದ ಇಂಥದ್ದೇ ದಿಮ್ಮಿ ಭೂವಿಜ್ಞಾನಿಗಳಿಗೆ ಚಿನ್ನ, ಅವರು ಆ ತೀರದ ವಯಸ್ಸನ್ನು ಅದರಿಂದಲೇ ಲೆಕ್ಕ ಹಾಕುತ್ತಾರೆ.

1976ರಲ್ಲಿ ರಾಬರ್ಟ್ ಮೆಗೀ ಮತ್ತು ಜೇಮ್ಸ್ ಟಕ್ ಎಂಬ ಪುರಾತತ್ವಜ್ಞರು, ಸಮುದ್ರಪ್ರಾಣಿ ಮತ್ತು ತೇಲಿಬಂದ ಕಟ್ಟಿಗೆಯ ಡೇಟ್‌ಗಳನ್ನು ಪಕ್ಕಕ್ಕಿಡಿ ಎಂದು ವಾದಿಸಿದರು. ನನಗೆ ಅದು ಸರಿ ಅನ್ನಿಸುತ್ತದೆ. ಆಗ ಒಂದು ಡೇಟ್‌ಗೆ ಗ್ರಾಂಗಟ್ಟಲೆ ಇದ್ದಿಲು ಬೇಕಿತ್ತು, ಸಿಕ್ಕಿದ್ದನ್ನೆಲ್ಲ ಒಟ್ಟು ಮಾಡಿ ಕಳಿಸುತ್ತಿದ್ದರು. ಈಗಿನ ಆಕ್ಸಿಲರೇಟರ್ (ಕಾರ್ಬನ್-14 ಕಣಗಳನ್ನೇ ನೇರವಾಗಿ ಎಣಿಸುವ ಯಂತ್ರ) ವಿಧಾನಕ್ಕೆ ಮಿಲಿಗ್ರಾಂ ಸಾಕು. ನೆಲಕ್ಕಂಟಿ ಬೆಳೆಯುವ ಆರ್ಕ್ಟಿಕ್ ವಿಲ್ಲೋ ಗಿಡದ ಸುಟ್ಟ ಕಡ್ಡಿಯೊಂದು ಸಿಕ್ಕರೂ ಕೆಲಸ ಆಯಿತು.

ಇಂಥ ಮನೆಯ ಬಗ್ಗೆ ನೀವು ಓದುವ ವರದಿಯಲ್ಲಿ ಬರೀ ‘ಇದ್ದಿಲು’ ಅಂತಿದ್ದು ಯಾವ ಗಿಡದ್ದು ಅಂತ ಹೇಳಿಲ್ಲದಿದ್ದರೆ, ಮನೆ ಅದಕ್ಕಿಂತ ಈಚಿನದೂ ಆಗಿರಬಹುದು ಎಂದುಕೊಂಡೇ ಓದಿ.