ಅಜ್ಜನ ಟ್ರಂಕಿನಲ್ಲಿ ಕಾಡತೂಸು: ಯಾವುದು, ಯಾವ ಕಾಲದ್ದು, ಈಗೇನು ಮಾಡಬೇಕು?

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕಿನ ಹಳ್ಳಿ. ಹಳೇ ಮನಿ ಬಿಚ್ಚುವಾಗ ಅಟ್ಟದ ಮ್ಯಾಲಿನ ಟ್ರಂಕಿನಾಗ ಅಜ್ಜನ ಖಾಕಿ ಕೋಟು, ಡಿಸ್ಚಾರ್ಜ್ ಬುಕ್ಕು, ತಗಡಿನ ಪಟ್ಟಿಗೆ ಸಿಕ್ಕಿಸಿದ ಐದು ಕಾಡತೂಸು ಸಿಕ್ಕಾವು. ತಳದಾಗ ಇಂಗ್ಲಿಷಿನ ಕೆ, ಎಫ್, ನಡುವ ಒಂದು ಬಾಣ, 42, ರೋಮನ್ ಏಳು ಅಂತ ಕಾಣತೈತಿ. ಅಜ್ಜ ಎರಡನೇ ಮಹಾಯುದ್ಧದಾಗ ಮರಾಠಾ ಪಲ್ಟನ್‌ದಾಗ ಇದ್ದರು, ಅಲ್ಲಿಂದ ತಂದಿರಬೇಕು ಅಂತ ಅಪ್ಪ ಅಂತಾರ. ನಿಜಾಮನ ಕಡೆಯ ರಜಾಕಾರರ ಗದ್ದಲದ ಕಾಲದ್ದು ಅಂತ ದೊಡ್ಡಪ್ಪ ಅಂತಾರ. ಯಾರ ಮಾತು ಖರೆ? ಹುಣಸೆಹಣ್ಣು ಹಚ್ಚಿ ತಿಕ್ಕಿ, ಗಾಜಿನ ಪೆಟ್ಟಿಗೆಯೊಳಗ ಇಡಬೇಕಂತ ಮಾಡೇವಿ.

ಉತ್ತರ: ಹುಣಸೆಹಣ್ಣು ಮೊದಲು ಅಡುಗೆಮನೆಗೆ ವಾಪಸ್ ಹೋಗಲಿ. ನೀವು ಬರೆದ ಗುರುತಿನ ಪ್ರಕಾರ ಇವು ಪುಣೆಯ ಖಡ್ಕಿ ಕಾರ್ಖಾನೆಯಲ್ಲಿ 1942ರಲ್ಲಿ ತಯಾರಾದ ತ್ರೀ ನಾಟ್ ತ್ರೀ ರೈಫಲ್ಲಿನ ಕಾಡತೂಸುಗಳು. ಮುಂದೆ ಗುಂಡು ಕೂತಿದೆ, ತಳದ ನಡುವಿನ ಕ್ಯಾಪಿನ (ಏಟಿಗೆ ಹೊತ್ತಿಕೊಳ್ಳುವ ಬಿಲ್ಲೆಯ) ಮೇಲೆ ಕುಳಿ ಬಿದ್ದಿಲ್ಲ ಎಂದಾದರೆ ಜೀವಂತ ಎಂದೇ ಹಿಡಿಯಿರಿ.

ಗುರುತು ಓದುವ ಕ್ರಮ ಹೀಗೆ. ಕೆ ಎಫ್ ಅಂದರೆ ಕಿರ್ಕೀ ಫ್ಯಾಕ್ಟರಿ. ಬ್ರಿಟಿಷರು ಖಡ್ಕಿಯನ್ನು ಕಿರ್ಕೀ ಎನ್ನುತ್ತಿದ್ದರು. ನಡುವಿನ ಬಾಣ ಸರ್ಕಾರಿ ಸ್ವತ್ತಿನ ಮುದ್ರೆ. ಬಾಣದ ಎಡಬಲಕ್ಕೆ ಡಿ, ಐ ಇದ್ದರೆ ಕೋಲ್ಕತ್ತಾ ಬಳಿಯ ಡಮ್‌ಡಮ್. ಆರ್, ಎಲ್ ಇದ್ದರೆ ಇಂಗ್ಲೆಂಡಿನ ವುಲ್ವಿಚ್. ಡಬ್ಲ್ಯೂ ಆರ್ ಎ ಎಂದಿದ್ದರೆ ಅಮೆರಿಕದ ವಿಂಚೆಸ್ಟರ್ ಕಂಪನಿಯದು. ಧಾರವಾಡ, ಗದಗ, ಹಾವೇರಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು, ಹೀಗಾಗಿ ನಮ್ಮ ಕಡೆ ಖಡ್ಕಿಯ ಮಾಲು ಸಿಗುವುದು ಸಹಜ. ರೋಮನ್ ಏಳು ಎಂಬುದು ಗುಂಡಿನ ನಮೂನೆ: 1910ರಲ್ಲಿ ಬಂದ ಮೊನಚು ಮೂತಿಯ, 174 ಗ್ರೇನ್ ಅಂದರೆ ಸುಮಾರು 11.3 ಗ್ರಾಂ ತೂಕದ ಗುಂಡು. ಅದಕ್ಕಿಂತ ಹಿಂದಿನ ಆರನೇ ನಮೂನೆಯ ಮೂತಿ ದುಂಡಗಿರುತ್ತದೆ. 1944ರ ಹೊತ್ತಿಗೆ ಬ್ರಿಟಿಷ್ ಪದ್ಧತಿಯಲ್ಲಿ ರೋಮನ್ ಅಂಕಿ ಹೋಗಿ ಸಾದಾ 7 ಬಂತು. ಅಂಕಿಯ ಜೊತೆ ಝಡ್ ಇದ್ದರೆ ಒಳಗಿರುವುದು ಶಾವಿಗೆಯಂಥ ಕಾರ್ಡೈಟ್ ಎಳೆಗಳಲ್ಲ, ನೈಟ್ರೋಸೆಲ್ಯುಲೋಸ್ ಮದ್ದು.

ಅಕ್ಷರ ಮಸುಕಾಗಿದ್ದರೆ ಕೆರೆಯಬೇಡಿ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ, ತಳಕ್ಕೆ ಸಮವಾಗಿ ಹಿಡಿದರೆ ಅಕ್ಷರದ ಅಂಚಿಗೆ ನೆರಳು ಬಿದ್ದು ತಾನಾಗಿ ಎದ್ದು ಕಾಣುತ್ತದೆ. ಆಗ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕ್ಯಾಪಿನ ಸುತ್ತಲಿನ ಬಣ್ಣದ ಉಂಗುರವನ್ನೂ ನೋಡಿಕೊಳ್ಳಿ. ತ್ರೀ ನಾಟ್ ತ್ರೀಯಲ್ಲಿ ನೇರಳೆ ಬಣ್ಣ ಸಾಧಾರಣ ಗುಂಡಿನದು, ಕೆಂಪು ಹಾರುವಾಗ ಬೆಳಗುವ ಟ್ರೇಸರ್, ಹಸಿರು ಉಕ್ಕು ಭೇದಿಸುವ ಗುಂಡು, ನೀಲಿ ಬೆಂಕಿ ಹಚ್ಚುವ ಗುಂಡು. ನೇರಳೆ ಬಿಟ್ಟು ಬೇರೆ ಬಣ್ಣ ಕಂಡರೆ, ಅಥವಾ ಗುಂಡಿನ ಮೂತಿಗೇ ಬಣ್ಣ ಬಳಿದಿದ್ದರೆ, ಇದ್ದಲ್ಲೇ ಬಿಟ್ಟು ಹಿಂದೆ ಸರಿಯಿರಿ. ಮೂತಿ ಬೆಳ್ಳಿಯಂತೆ ಹೊಳೆದರೆ ಅಕ್ಕಸಾಲಿಗರ ಹತ್ತಿರ ಓಡಬೇಕಿಲ್ಲ. ಅದು ತಾಮ್ರ-ನಿಕ್ಕಲ್ ಬೆರಕೆ.

ತಳದ ಗುರುತು ಪೂರ್ತಿ ಅಳಿಸಿಹೋಗಿದ್ದರೆ ಅಳತೆಯೇ ಹೇಳುತ್ತದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ನೋಡಿ. ತ್ರೀ ನಾಟ್ ತ್ರೀ ಒಟ್ಟು ಉದ್ದ ಸುಮಾರು 78 ಮಿ.ಮೀ., ಹಿತ್ತಾಳೆ ಕೊಳವೆ 56, ತಳದಲ್ಲಿ ಹೊರಚಾಚಿದ ಅಂಚು 13.7 ಮಿ.ಮೀ. ಅಗಲ. ಎಸ್ಸೆಲ್ಲಾರ್ ರೈಫಲ್ಲಿನ 7.62 ಕಾಡತೂಸಿಗೆ ಅಂಥ ಅಂಚಿಲ್ಲ, ತಳದ ಸುತ್ತ ತೋಡು ಕೊರೆದಂತಿರುತ್ತದೆ, ಒಟ್ಟು ಉದ್ದ 71 ಮಿ.ಮೀ. ನಮ್ಮ ಸೈನ್ಯಕ್ಕೆ ಅದು ಬಂದದ್ದು ಸ್ವಾತಂತ್ರ್ಯಾನಂತರ; ಹಾಗಾಗಿ ಅದು ಸಿಕ್ಕರೆ ಮಹಾಯುದ್ಧದ ಕಥೆ ಅಲ್ಲಿಗೇ ಮುಗಿಯಿತು.

ಇನ್ನು ನಿಮ್ಮ ಅಪ್ಪ-ದೊಡ್ಡಪ್ಪನವರ ವ್ಯಾಜ್ಯ. 42 ಅನ್ನುವುದು ಕಾಡತೂಸು ತಯಾರಾದ ಇಸವಿ, ನಿಮ್ಮ ಮನೆಗೆ ಬಂದ ಇಸವಿಯಲ್ಲ. ಸರಿಯಾಗಿ ಇಟ್ಟ ಕಾಡತೂಸು ಹತ್ತಾರು ವರ್ಷ ಕೋಠಿಯಲ್ಲಿದ್ದು ಆಮೇಲೆ ಹಂಚಿಕೆಯಾಗುವುದುಂಟು. 1947–48ರಲ್ಲಿ ನಿಜಾಮನ ಗಡಿಗೆ ಹತ್ತಿದ ಮುಂಡರಗಿ, ಗಜೇಂದ್ರಗಡದಲ್ಲಿ ನಿಜಾಮನ ವಿರುದ್ಧದ ಹೋರಾಟಗಾರರ ಶಿಬಿರಗಳಿದ್ದವು; 42ರ ಮಾಲು ಅಲ್ಲಿ ಕೈ ಬದಲಾಗಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಇಸವಿಯೊಂದರಿಂದಲೇ ತೀರ್ಪು ಕೊಡಲಾಗದು, 1942ಕ್ಕಿಂತ ಹಿಂದೆ ಬಂದಿಲ್ಲ ಎಂದಷ್ಟೇ ಹೇಳಬಹುದು. ಡಿಸ್ಚಾರ್ಜ್ ಬುಕ್ಕಿನಲ್ಲಿ ಸೈನ್ಯ ಬಿಟ್ಟ ತಾರೀಖು ನೋಡಿ. ಅದು 42ಕ್ಕಿಂತ ಮೊದಲಿದ್ದರೆ ದೊಡ್ಡಪ್ಪನವರ ಮಾತಿಗೆ ತೂಕ ಬರುತ್ತದೆ. ನಂತರದ್ದಾದರೆ ಇಬ್ಬರದೂ ನಡೆಯುತ್ತದೆ. ಐದು ಕಾಡತೂಸು ಹಿಡಿದ ಪಟ್ಟಿಗೆ ಚಾರ್ಜರ್ ಎನ್ನುತ್ತಾರೆ, ಅದರ ಬೆನ್ನಿಗೂ ತಯಾರಕರ ಗುರುತಿರುತ್ತದೆ. ಹತ್ತಿಬಟ್ಟೆಯ ಐದು ಜೇಬಿನ ಪಟ್ಟಿಯೂ ಟ್ರಂಕಿನಲ್ಲಿದ್ದರೆ ಮಡಿಕೆ ಬಿಚ್ಚಿ ಹುಡುಕಿ: 50 ಕಾಡತೂಸಿನ ಆ ಬ್ಯಾಂಡೋಲಿಯರ್ ಮೇಲೆ ಶಾಯಿಯ ಮುದ್ರೆ ಉಳಿದಿರುತ್ತದೆ.

ತಿಕ್ಕಬೇಡಿ ಎಂದದ್ದಕ್ಕೆ ಕಾರಣ ಎರಡು. ಒಂದು, ಕ್ಯಾಪಿನೊಳಗಿನ ಮಸಾಲೆ ಏಟಿಗೆ ಹೊತ್ತಿಕೊಳ್ಳಲೆಂದೇ ಇರುವುದು, ಎಂಬತ್ತು ವರ್ಷವಾದರೂ ಸತ್ತಿದೆ ಎಂದು ನಂಬುವ ಹಾಗಿಲ್ಲ. ಎರಡು, ಹುಳಿ ಸತುವನ್ನು ತಿಂದು ಹಿತ್ತಾಳೆ ಕೆಂಪಗಾಗುತ್ತದೆ, ತೆಳು ಅಕ್ಷರ ಮಾಯವಾಗುತ್ತದೆ. ಅಮೋನಿಯಾ ಇರುವ ಪಾಲಿಶ್ ಇನ್ನೂ ಕೆಟ್ಟದ್ದು. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಕಳೆಯಲೆಂದು ಕುದುರೆ ಲಾಯಗಳಲ್ಲಿಟ್ಟ ಕಾಡತೂಸುಗಳ ಕತ್ತು ತಾನಾಗಿ ಸೀಳುತ್ತಿತ್ತು. ಕುದುರೆ ಉಚ್ಚೆಯ ಅಮೋನಿಯಾ ಅದಕ್ಕೆ ಕಾರಣ ಎಂಬುದು 1921ರಲ್ಲಿ ಗೊತ್ತಾಯಿತು. ನಿಮ್ಮ ಕಾಡತೂಸಿನ ಕತ್ತಿನಲ್ಲೂ ಕೂದಲೆಳೆಯ ಸೀಳು, ಹಸಿರು ಕಿಲುಬು ಇದ್ದರೆ ಮುಟ್ಟುವುದೇ ಬೇಡ. ಲೇಥ್ ಅಂಗಡಿಯಲ್ಲಿ ಮದ್ದು ತೆಗೆಸಿ ಇಟ್ಟುಕೊಳ್ಳೋಣ ಅನ್ನುವುದೂ ಬೇಡ, ಗುಜರಿಗೆ ಹಾಕುವುದಂತೂ ಬೇಡವೇ ಬೇಡ. ಬಂದೂಕಿನ ಹೊರಗೆ ಸಿಡಿದರೆ ಕೊಳವೆಯೇ ಒಡೆದು ಹಿತ್ತಾಳೆ ಚೂರು ಕಣ್ಣು-ಬೆರಳಿಗೆ ಹೊಡೆಯುತ್ತದೆ.

ಕಾನೂನಿನ ಮಾತು ಚಿಕ್ಕದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3ರಂತೆ ಲೈಸೆನ್ಸ್ ಇಲ್ಲದೆ ಒಂದು ಕಾಡತೂಸನ್ನೂ ಇಟ್ಟುಕೊಳ್ಳುವಂತಿಲ್ಲ. ನೆನಪಿಗೆ, ಪೂಜೆಗೆ ಎಂಬ ವಿನಾಯಿತಿ ಇಲ್ಲ. ಟ್ರಂಕಿನಲ್ಲಿತ್ತು, ಗೊತ್ತಿರಲಿಲ್ಲ ಎನ್ನುವ ಸಮಜಾಯಿಷಿ ಸಿಕ್ಕ ದಿನದವರೆಗೆ ನಡೆಯುತ್ತದೆ, ಗೊತ್ತಾದ ಮೇಲೆ ಸುಮ್ಮನಿದ್ದರೆ ನಡೆಯುವುದಿಲ್ಲ. ಆದ್ದರಿಂದ ಫೋಟೊ ತೆಗೆದು, ಮಕ್ಕಳ ಕೈಗೆ ಸಿಗದಂತೆ ಕೋಣೆಗೆ ಬೀಗ ಹಾಕಿ, ಅದೇ ದಿನ ಠಾಣೆಗೆ ಅಥವಾ 112ಕ್ಕೆ ಫೋನ್ ಮಾಡಿ. ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಬೇಡಿ, ಅವರೇ ಬಂದು ಒಯ್ಯಲಿ. ಎಲ್ಲಿ, ಯಾವಾಗ, ಎಷ್ಟು ಸಿಕ್ಕವು, ತಳದಲ್ಲಿ ಏನಿದೆ, ಟ್ರಂಕು ಯಾರದು ಎಂದು ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಈ ಕಾಗದಕ್ಕೆ ಹಟ ಹಿಡಿಯಿರಿ. ಕೋಟು, ಡಿಸ್ಚಾರ್ಜ್ ಬುಕ್ಕು ನಿಮ್ಮವೇ. ಗಾಜಿನ ಪೆಟ್ಟಿಗೆಯಲ್ಲಿ ಅವನ್ನು, ಕಾಡತೂಸಿನ ಫೋಟೊ ಜೊತೆ, ಇಡಿ.

ಪ್ರಶ್ನೆ: ಬ್ಯಾಡಗಿಯ ನಮ್ಮ ಮನೆಯಲ್ಲಿ ಎರಡು ಖಾಲಿ ಹಿತ್ತಾಳೆ ಕೊಳವೆ ಇವೆ. ತಳದ ಅಂಚು ತ್ರೀ ನಾಟ್ ತ್ರೀಯದರಂತೆಯೇ ಇದೆ, ಆದರೆ ಕತ್ತಿಲ್ಲ, ಕೊಳವೆ ನೆಟ್ಟಗಿದೆ. ಕ್ಯಾಪಿನಲ್ಲಿ ಕುಳಿ ಇದೆ. ಇಟ್ಟುಕೊಳ್ಳಬಹುದೇ?

ಉತ್ತರ: ಬಹುಮಟ್ಟಿಗೆ ಇದು .410 ಮಸ್ಕೆಟ್ಟಿನದು. ಪೊಲೀಸರಿಗೆ, ಕಾವಲುಗಾರರಿಗೆಂದು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತ್ರೀ ನಾಟ್ ತ್ರೀ ರೈಫಲ್ಲನ್ನೇ ಒಮ್ಮೆಗೆ ಒಂದೇ ಕಾಡತೂಸು ತುಂಬುವ ಬಂದೂಕಾಗಿ ಮಾರ್ಪಡಿಸಿದ್ದರು. ಅದರ ಕಾಡತೂಸಿಗೆ ಅದೇ ಕೊಳವೆ, ಕತ್ತು ಮಾತ್ರ ಹಿಗ್ಗಿಸಿದ್ದು. ಕುಳಿ ಬಿದ್ದ, ಒಳಗೆ ಬರಿದಾದ ಕೊಳವೆ ಸಿಡಿಯುವುದಿಲ್ಲ. ಆದರೆ ಗುಂಡು ಇನ್ನೂ ಕೂತಿದ್ದು ಕುಳಿಯೂ ಇದ್ದರೆ ಅದು ಠುಸ್ಸಾದದ್ದು, ಅದನ್ನು ಜೀವಂತದಂತೆಯೇ ಕಾಣಬೇಕು. ಕಾಯ್ದೆಯಲ್ಲಿ ಮದ್ದುಗುಂಡು ಎಂಬುದರಲ್ಲಿ ಬಿಡಿಭಾಗಗಳೂ ಸೇರುತ್ತವೆ. ಬಳಸುವ ಉದ್ದೇಶವಿಲ್ಲದ ಚಿಕ್ಕಪುಟ್ಟ ಭಾಗಗಳಿಗೆ ಸೆಕ್ಷನ್ 45(ಡಿ) ರಿಯಾಯಿತಿ ಕೊಡುತ್ತದೆ. ಠಾಣೆಯಲ್ಲಿ ಒಮ್ಮೆ ತೋರಿಸಿ, ಅಡ್ಡಿಯಿಲ್ಲ ಎಂದು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ. ಕೀಚೈನ್ ಮಾಡಿಸಿ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಮಾತ್ರ ಒಯ್ಯಬೇಡಿ, ಸ್ಕ್ಯಾನರಿನಲ್ಲಿ ಸಿಕ್ಕರೆ ವಿಮಾನ ತಪ್ಪುವುದು ಖಾತ್ರಿ.

ಪ್ರಶ್ನೆ: ನರಗುಂದದ ಹೊಲದಲ್ಲಿ ಸಿಕ್ಕ ಸೀಸದ ಗುಂಡು 1858ರ, ಅಲ್ಲಿನ ಅರಸ ಬಾಬಾಸಾಹೇಬರ ಬಂಡಾಯದ್ದೇ?

ಉತ್ತರ: ಗುಂಡಿನ ಮೇಲೆ ಇಸವಿ ಇರುವುದಿಲ್ಲ, ಆಕಾರ ನೋಡಿ. ಗೋಲಿಯಂತೆ ದುಂಡಗಿದ್ದು ಅಡ್ಡಳತೆ ಸುಮಾರು 17.5 ಮಿ.ಮೀ., ತೂಕ 30 ಗ್ರಾಂ ಆಸುಪಾಸು ಇದ್ದರೆ ಹಳೆಯ ಬ್ರಿಟಿಷ್ ಮಸ್ಕೆಟ್ಟಿನದು. ಅಂಥದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು. ಉದ್ದನೆಯ ಮೂತಿ, ತಳದಲ್ಲಿ ಗುಳಿ, 14 ಮಿ.ಮೀ. ಅಗಲ, 34 ಗ್ರಾಂ ತೂಕ ಇದ್ದರೆ ಎನ್‌ಫೀಲ್ಡ್ ರೈಫಲ್ಲಿನದು, 1853ರ ನಂತರದ್ದು. ಆಗ ನಿಮ್ಮ ಊಹೆಗೆ ಬಲ ಬರುತ್ತದೆ. ಮೇಲಿನ ಬಿಳಿ ಪುಡಿ ಸೀಸದ ವಿಷ, ಉಜ್ಜಬೇಡಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಿ.